ಯಂತ್ರಕ್ಕೆ ಆತ್ಮವುಂಟೆ? – ಒಂದು ಸ್ಪೋರ್ಟ್ಸ್ ಕಾರು, ಒಂದು ಹಳೆಯ ಲಾರಿ



ಕೊಳೆರೋಗ, ಬೋರ್ಡೋ ದ್ರಾವಣ, ಕಾಂಡಕೊರಕ, ಸಾಲದ ಕಂತು ಇವುಗಳನ್ನೇ ಈ ಪುಟಗಳಲ್ಲಿ ಓದಿ ಅಭ್ಯಾಸವಾದ ತಮಗೆ ಈ ಸಲದ ಶೀರ್ಷಿಕೆ ವಿಚಿತ್ರವಾಗಿ ಕಂಡೀತು. ಕಾರ್ಯದರ್ಶಿಗಳಿಗೆ ಮಾಡಲು ಬೇರೆ ಕೆಲಸವಿಲ್ಲವೇ ಎಂದು ಕೆಲವರು ಕೇಳಿಯೂ ಕೇಳಬಹುದು. ಆದರೆ ಈ ಪ್ರಶ್ನೆ ನಮ್ಮ ಸಂಘದ ಅಂಗಳದಲ್ಲೇ ಎದ್ದದ್ದು. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಅದಕ್ಕೆ ಸಂಬಂಧಪಟ್ಟ ಒಂದು ವಿಷಯವೂ ಇದೆ. ಆದುದರಿಂದ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿನಂತಿ.

ಕಳೆದ ಆಯುಧಪೂಜೆಯ ದಿನ ಸಂಘದ ಹಳೆಯ ಸ್ವರಾಜ್ ಮಜ್ದಾ ಲಾರಿಗೆ ಎಂದಿನಂತೆ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಅಡಿಕೆ ಸಿಂಗಾರ ಇಳಿಬಿಟ್ಟು ಪೂಜೆ ಮಾಡಿದೆವು. ಚಕ್ರದಡಿ ನಿಂಬೆಹಣ್ಣು ಇಟ್ಟದ್ದೂ ಆಯಿತು. 2003ರಲ್ಲಿ ಕೊಂಡ ಗಾಡಿ ಅದು. ಹದಿನೈದು ವರ್ಷ ಮೀರಿದ ವಾಹನಗಳ ಫಿಟ್‌ನೆಸ್ ಶುಲ್ಕ 2022ರಲ್ಲಿ ಹೆಚ್ಚಿದ ಮೇಲೆ ಅದನ್ನು ಇಟ್ಟುಕೊಳ್ಳುವುದು ಲೆಕ್ಕಕ್ಕೆ ಹೊಂದುತ್ತಿಲ್ಲ. ಗುಜರಿಗೆ ಕೊಡೋಣವೆಂದು ನಾನು ಹೇಳಿದಾಗ ನೆರೆದಿದ್ದ ಹಿರಿಯ ಸದಸ್ಯರೊಬ್ಬರು ಎಲ್ಲರ ಎದುರೇ, "ಅದೆಂಥ ಮಾತು ಮಾರಾಯ್ರೆ, ಅದಕ್ಕೂ ಒಂದು ಜೀವ ಇದೆ" ಎಂದರು. ಹತ್ತಾರು ಜನ ತಲೆಯಾಡಿಸಿದರು. ನಾನು ಸುಮ್ಮನಾದೆ.

ಇದಕ್ಕೂ ಎರಡು ವರ್ಷ ಹಿಂದೆ ಇಂಗ್ಲೆಂಡಿನಲ್ಲಿ ನನ್ನ ತಂಗಿಯ ಮಗನ ಬಾಯಲ್ಲೂ ಇದೇ ಮಾತು ಕೇಳಿದ್ದೆ. "ಮಾವ, ಈ ಗಾಡಿಗೆ ಒಂದು ಆತ್ಮ ಇದೆ. ಬೇರೆ ಗಾಡಿಗಳಿಗೆ ಇಲ್ಲ" ಎಂದಿದ್ದ. ಅವನು ತೋರಿಸಿದ್ದು 1991ರ ಒಂದು ಪುಟ್ಟ ಕೆಂಪು ಕಾರನ್ನು. ಎರಡೇ ಆಸನ, ಮೇಲೆ ಬಟ್ಟೆಯ ಮಾಡು. ಮಜ್ದಾ ಎಂಎಕ್ಸ್-5 ಎಂದು ಅದರ ಹೆಸರು. ನಮ್ಮ ಲಾರಿಯ ಹೆಸರಿನ ಅರ್ಧ ಅದರ ಮೇಲೂ ಇರುವುದನ್ನು ಕಂಡು ನನಗೆ ನಗು ಬಂತು.

ತೊಗಟೆಯಿಂದ ಹುಟ್ಟಿದ ಕಾರ್ಖಾನೆ

ಈ ಸಂಬಂಧ ಬರೀ ಹೆಸರಿನದಲ್ಲ. 1980ರ ದಶಕದಲ್ಲಿ ಪಂಜಾಬ್ ಟ್ರ್ಯಾಕ್ಟರ್ಸ್ ಸಂಸ್ಥೆಯು ಜಪಾನಿನ ಮಜ್ದಾ ಮುಂತಾದವರೊಡನೆ ಕೂಡಿ ಕಟ್ಟಿದ್ದೇ ಸ್ವರಾಜ್ ಮಜ್ದಾ. ಮಲೆನಾಡಿನ ಘಾಟಿಗಳಲ್ಲಿ ಅಡಿಕೆ ಮೂಟೆ ಹೊತ್ತು ಏದುಸಿರು ಬಿಟ್ಟ ಲಾರಿಗೂ, ಶ್ರೀಮಂತ ದೇಶಗಳ ತರುಣರು ಮುದ್ದು ಮಾಡುವ ಆ ಕಾರಿಗೂ ಮೂಲ ಒಂದೇ ಊರು. ಅದು ಹಿರೋಷಿಮಾ.

1920ರಲ್ಲಿ ಅಲ್ಲಿ ಆರಂಭವಾದ ಕಂಪನಿ ತಯಾರಿಸುತ್ತಿದ್ದದ್ದು ಬಿರಡೆ, ಅಂದರೆ ಮರದ ತೊಗಟೆಯ ಕಾರ್ಕು. ನಮ್ಮ ಹಾಗೆ ಮರವನ್ನೇ ನಂಬಿದವರು. ಅದನ್ನು ಬೆಳೆಸಿದ ಜುಜಿರೋ ಮತ್ಸುದಾ ಎಂಬಾತ ಮೀನುಗಾರನ ಮಗ. 1931ರಲ್ಲಿ ಈ ಕಂಪನಿ ಮೂರು ಚಕ್ರದ ಸಾಮಾನು ಗಾಡಿಗಳನ್ನು ತಯಾರಿಸತೊಡಗಿತು. ಆ ಗಾಡಿಗಳಿಗೆ ಇಟ್ಟ ಮಜ್ದಾ ಎಂಬ ಹೆಸರು ಮತ್ಸುದಾ ಎಂಬ ಮನೆತನದ ಹೆಸರನ್ನೂ, ಪಾರಸಿಗಳ ದೇವರಾದ ಅಹುರ ಮಜ್ದನನ್ನೂ ಒಟ್ಟಿಗೆ ಸೂಚಿಸುವಂಥದು. ಈ 'ಮಜ್ದಾ' ಶಬ್ದವು ನಮ್ಮ ಸಂಸ್ಕೃತದ 'ಮೇಧಾ' ಶಬ್ದದ ಬಂಧುವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ.

1945ರ ಆಗಸ್ಟ್ 6ರಂದು ಆ ಊರಿಗೆ ಏನಾಯಿತೆಂಬುದು ಲೋಕಕ್ಕೆ ಗೊತ್ತು. ಕಾರ್ಖಾನೆ ನಗರಮಧ್ಯದಿಂದ ಕೆಲವು ಕಿಲೋಮೀಟರ್ ಆಚೆ, ಹಿಜಿಯಾಮಾ ಎಂಬ ಗುಡ್ಡದ ಮರೆಯಲ್ಲಿತ್ತು. ಆದುದರಿಂದ ಬಹುಮಟ್ಟಿಗೆ ಉಳಿಯಿತು. ನಗರದ ಕಡೆಗೆ ಹೋಗಿದ್ದ ನೌಕರರು ಉಳಿಯಲಿಲ್ಲ. ಕಚೇರಿಗಳೆಲ್ಲ ಬೂದಿಯಾಗಿದ್ದರಿಂದ ಪ್ರಾಂತದ ಸರ್ಕಾರ ಕೆಲಕಾಲ ಈ ಕಾರ್ಖಾನೆಯ ಕಟ್ಟಡದಿಂದಲೇ ಆಡಳಿತ ನಡೆಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೂರು ಚಕ್ರದ ಗಾಡಿಗಳ ತಯಾರಿಕೆ ಮತ್ತೆ ಆರಂಭವಾಯಿತು. ಹೊಸ ಊರು ಕಟ್ಟುವ ಮಣ್ಣು, ಮರ, ಇಟ್ಟಿಗೆಗಳನ್ನು ಹೊರಲು ಗಾಡಿ ಬೇಕಿತ್ತಲ್ಲ. ಇಂಥ ಜನ ಮುಂದೊಂದು ದಿನ ಬರೀ ಸಂತೋಷಕ್ಕಾಗಿ ಓಡಿಸುವ ಕಾರೊಂದನ್ನು ಮಾಡಿದರು ಎಂಬುದು ನನಗೆ ಸಣ್ಣ ವಿಷಯವಾಗಿ ಕಾಣಲಿಲ್ಲ.

ಕುದುರೆ ಮತ್ತು ಸವಾರ

1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತನು, ಆಗ ಮಜ್ದಾದಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದ ಕೆನಿಚಿ ಯಮಮೊತೊ ಅವರೊಡನೆ ಮಾತನಾಡುವಾಗ ಒಂದು ಸಲಹೆ ಕೊಟ್ಟ. ಹಿಂದೆ ಬ್ರಿಟಿಷರು ಮಾಡುತ್ತಿದ್ದಂಥ ಅಗ್ಗದ, ಹಗುರವಾದ, ಮಾಡು ತೆಗೆಯಬಹುದಾದ ಕಾರನ್ನು ನೀವೇಕೆ ಮಾಡಬಾರದು ಎಂಬುದು ಆ ಸಲಹೆ. ಅಂಥ ಬ್ರಿಟಿಷ್ ಕಾರುಗಳಲ್ಲಿ 1962ರ ಲೋಟಸ್ ಎಲಾನ್ ಹೆಸರಾದದ್ದು. ಕಾಲಿನ್ ಚಾಪ್ಮನ್ ಅವರ ಲೋಟಸ್ ಕಂಪನಿಯು ನಡುವೆ ಬೆನ್ನೆಲುಬಿನಂತೆ ಒಂದು ಉಕ್ಕಿನ ಚೌಕಟ್ಟು, ಮೇಲೆ ಫೈಬರ್‌ಗ್ಲಾಸಿನ ಹೊದಿಕೆ ಇಟ್ಟು, ಇಡೀ ಕಾರನ್ನು ಸುಮಾರು 700 ಕಿಲೋ ಒಳಗೆ ಮುಗಿಸಿತ್ತು. ಓಡಿಸಲು ಸೊಗಸು, ಆದರೆ ಸದಾ ರಿಪೇರಿ ಎಂದು ಈ ಜಾತಿಯ ಕಾರುಗಳಿಗೆ ಹೆಸರಿತ್ತು. 1980ರ ಹೊತ್ತಿಗೆ ಅವು ಬಹುತೇಕ ನಿಂತುಹೋಗಿದ್ದವು.

ಯಮಮೊತೊ ಅವರು 1984ರಲ್ಲಿ ಕಂಪನಿಯ ಅಧ್ಯಕ್ಷರಾದರು. ತೋಷಿಹಿಕೊ ಹಿರಾಯ್ ಎಂಬ ಇಂಜಿನಿಯರರ ಮುಂದಾಳುತನದಲ್ಲಿ ಕಾರು ಸಿದ್ಧವಾಗಿ 1989ರ ಫೆಬ್ರವರಿಯಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಹೊರಬಂತು. ಈ ತಂಡ ತನ್ನ ಮುಂದಿಟ್ಟುಕೊಂಡ ಸೂತ್ರ 'ಜಿನ್‌ಬಾ ಇತ್ತಾಯ್'. ಅಂದರೆ ಸವಾರ ಮತ್ತು ಕುದುರೆ ಒಂದೇ ದೇಹ. ಜಪಾನಿನಲ್ಲಿ ಓಡುವ ಕುದುರೆಯ ಮೇಲಿಂದ ಬಾಣ ಬಿಡುವ ಒಂದು ಪುರಾತನ ವಿದ್ಯೆ ಇದೆ. ಬಾಣ ಹೂಡಲು ಎರಡು ಕೈಯೂ ಬೇಕು. ಲಗಾಮು ಬಿಟ್ಟ ಮೇಲೆ ಕುದುರೆಗೆ ಸವಾರನ ಮನಸ್ಸು ಅವನ ತೊಡೆಯಿಂದಲೇ ತಿಳಿಯಬೇಕು. ಕಾರು ಹಾಗಿರಬೇಕೆಂದು ಅವರ ಆಸೆ.

ಆಸೆಯನ್ನು ಕಬ್ಬಿಣದಲ್ಲಿ ಹೇಗೆ ಮಾಡುವುದು? ನಮ್ಮಂಥ ಪಂಪ್‌ಸೆಟ್ ಬಿಚ್ಚಿ ಕಟ್ಟುವವರಿಗೆ ಇಲ್ಲಿ ಕುತೂಹಲವಿದೆ. ಕಾರಿನ ತೂಕ ಸುಮಾರು 940 ಕಿಲೋ. 1.6 ಲೀಟರಿನ ಎಂಜಿನ್, ಸುಮಾರು 120 ಅಶ್ವಶಕ್ತಿ. ಇಂದು ನಮ್ಮ ಊರಿನ ಸಂಸಾರಿ ಕಾರುಗಳಲ್ಲೂ ಇಷ್ಟು ಶಕ್ತಿಯುಂಟು, ಇದರಲ್ಲಿ ವಿಶೇಷವಿಲ್ಲ. ವಿಶೇಷವಿರುವುದು ಜೋಡಣೆಯಲ್ಲಿ. ಎಂಜಿನ್ನನ್ನು ಮುಂಗಾಲಿಗಳ ಅಚ್ಚಿಗಿಂತ ಹಿಂದಕ್ಕೆ ತಳ್ಳಿ ಕೂರಿಸಿದ್ದರಿಂದ ಭಾರ ಮುಂದೆ ಹಿಂದೆ ಹೆಚ್ಚುಕಡಿಮೆ ಸಮನಾಯಿತು. ಗಾಡಿಯನ್ನು ನೂಕುವ ಕೆಲಸ ಹಿಂದಿನ ಚಕ್ರಗಳಿಗೆ ಕೊಟ್ಟದ್ದರಿಂದ ಮುಂದಿನವು ತಿರುಗುವ ಕೆಲಸವನ್ನಷ್ಟೇ ಮಾಡುತ್ತವೆ. ರಸ್ತೆಯ ಸುದ್ದಿ ಸ್ಟಿಯರಿಂಗಿಗೆ ಕಲಬೆರಕೆಯಿಲ್ಲದೆ ಬರುತ್ತದೆ. ಗೇರ್‌ಬಾಕ್ಸಿಗೂ ಹಿಂದಿನ ಡಿಫರೆನ್ಷಿಯಲ್ಲಿಗೂ ಒಂದು ಗಟ್ಟಿ ಚೌಕಟ್ಟಿನ ನಂಟು ಹಾಕಿದ್ದರಿಂದ ಆಕ್ಸಿಲರೇಟರ್ ಒತ್ತಿದ ಮರುಕ್ಷಣ, ನಡುವೆ ಸಡಿಲವಿಲ್ಲದೆ, ಗಾಡಿ ಮುಂದೆ ಸರಿಯುತ್ತದೆ. ಹಿರೋಷಿಮಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಿತ್ಸುವೊ ನಾಗಮಾಚಿ ಅವರು ಮನುಷ್ಯನ ಅನಿಸಿಕೆಗಳನ್ನು ಅಳೆದು ವಸ್ತುವಿನ ರಚನೆಗೆ ಇಳಿಸುವ 'ಕಾನ್ಸೇ' ಎಂಬ ಶಾಸ್ತ್ರವನ್ನು ಬೆಳೆಸಿದ್ದರು. ಅದನ್ನೂ ಇಲ್ಲಿ ಬಳಸಿದರು. ಹೊಗೆಕೊಳವೆಯ ಸದ್ದನ್ನು ಕೂಡ ಕೇಳಿ ಕೇಳಿ ಹೊಂದಿಸಿದರು.

ಕಾರು ಗೆದ್ದಿತು. 2000ದಲ್ಲಿ ಗಿನ್ನೆಸ್ ಸಂಸ್ಥೆಯು ಇದನ್ನು ಲೋಕದಲ್ಲೇ ಅತಿ ಹೆಚ್ಚು ಮಾರಾಟವಾದ ಎರಡಾಸನದ ಸ್ಪೋರ್ಟ್ಸ್ ಕಾರೆಂದು ದಾಖಲಿಸಿತು. 2016ರ ಏಪ್ರಿಲಿನಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು.

ನಾನು ಓಡಿಸಿದ್ದು

ಅಳಿಯ ಒಂದು ದಿನದ ವಿಮೆ ಮಾಡಿಸಿ ಸ್ಟಿಯರಿಂಗನ್ನು ನನಗೇ ಕೊಟ್ಟ. ಅಲ್ಲಿಯೂ ನಮ್ಮಂತೆ ಎಡಗಡೆಯ ಸಂಚಾರ. ಎರಡೂ ಬದಿ ಬೇಲಿಯ ಒಳದಾರಿ, ನಮ್ಮ ತೋಟದ ರಸ್ತೆಯಷ್ಟೇ ಅಗಲ. ಗಂಟೆಗೆ 40 ಮೈಲಿ ನಾನು ದಾಟಲಿಲ್ಲ. ಆದರೂ ಐವತ್ತು ದಾಟಿದ ಈ ಗೃಹಸ್ಥನ ಮುಖದಲ್ಲಿ ನಗು ನಿಲ್ಲಲಿಲ್ಲವೆಂದು ಅಳಿಯ ಮನೆಗೆ ಬಂದು ಎಲ್ಲರಿಗೂ ಹೇಳಿದ. ಮಣಿಕಟ್ಟು ತಿರುಗಿಸಿದಷ್ಟಕ್ಕೇ ಗೇರು ಬೀಳುತ್ತಿತ್ತು. ಟಾರು ಒರಟಾದದ್ದು, ಒದ್ದೆಯಾದದ್ದು ಅಂಗೈಗೆ ತಿಳಿಯುತ್ತಿತ್ತು. ತಿರುವಿನಲ್ಲಿ ನಾನು ತಪ್ಪು ಮಾಡಿದರೆ ಗಾಡಿ ಅದನ್ನು ಮುಚ್ಚಿಡಲಿಲ್ಲ. ಮೆಲ್ಲಗೆ ಹೇಳಿತು. ಮುಂದಿನ ತಿರುವಿನಲ್ಲಿ ತಿದ್ದಿಕೊಂಡರೆ ಅದನ್ನೂ ಹೇಳಿತು.

ಇಳಿದ ಮೇಲೆ ಅಳಿಯ, "ಈಗ ಹೇಳಿ ಮಾವ, ಇದಕ್ಕೆ ಆತ್ಮ ಇಲ್ಲವೇ?" ಎಂದ. ಬಿ.ಎ. ತರಗತಿಯಲ್ಲಿ ತತ್ತ್ವಶಾಸ್ತ್ರ ಓದಿದ ಮಾವನಾದ್ದರಿಂದ ಥಟ್ಟನೆ ಹೌದು ಎನ್ನಲು ನನಗೆ ಸಂಕೋಚವಾಯಿತು.

ಅರಿಸ್ಟಾಟಲನ ಕೊಡಲಿ, ನಾಗಸೇನನ ರಥ

ಪಾಶ್ಚಾತ್ಯರಲ್ಲಿ ಆತ್ಮದ ಬಗ್ಗೆ ಮೊದಲ ಕ್ರಮಬದ್ಧ ಗ್ರಂಥ ಬರೆದವರಲ್ಲಿ ಅರಿಸ್ಟಾಟಲ್ ಮುಖ್ಯ. ಅವನು ಒಂದು ಕೊಡಲಿಯ ಉದಾಹರಣೆ ಕೊಡುತ್ತಾನೆ. ಕೊಡಲಿಯು ಸಹಜವಾದ ಜೀವದೇಹವಾಗಿದ್ದರೆ ಅದರ 'ಕೊಡಲಿತನ'ವೇ ಅದರ ಆತ್ಮವಾಗುತ್ತಿತ್ತು. ಕಣ್ಣು ಒಂದು ಪ್ರಾಣಿಯಾಗಿದ್ದರೆ ನೋಟವೇ ಅದರ ಆತ್ಮ. ಈ ಮಾತಿನಂತೆ ನೋಡಿದರೆ ಸ್ಪೋರ್ಟ್ಸ್ ಕಾರಿನ ಸ್ಪೋರ್ಟ್ಸ್ ಕಾರುತನ ಅದರ ಆತ್ಮವಾಗಬೇಕು. ಅಳಿಯ ಗೆದ್ದಂತಾಯಿತು. ಆದರೆ ಅರಿಸ್ಟಾಟಲ್ ಅಲ್ಲಿಗೇ ನಿಲ್ಲುವುದಿಲ್ಲ. ಕೊಡಲಿ ಬರೀ ಕೊಡಲಿ, ಚಲನೆಯ ಮೂಲ ತನ್ನೊಳಗೇ ಇರುವ ದೇಹಕ್ಕೆ ಮಾತ್ರ ಆತ್ಮವೆನ್ನಬೇಕು ಎಂದು ಮುಗಿಸುತ್ತಾನೆ. ಕಾರು ತಾನಾಗಿ ಎಲ್ಲಿಗೂ ಹೋಗಬಯಸುವುದಿಲ್ಲ.

ನಮ್ಮ ಕಡೆಯ ಹಿರಿಯರು ಇನ್ನೂ ಹತ್ತಿರದ ಉದಾಹರಣೆ ತೆಗೆದುಕೊಂಡರು. ಅಂದಿನ ಸ್ಪೋರ್ಟ್ಸ್ ಕಾರು ರಥವಷ್ಟೆ. 'ಮಿಲಿಂದ ಪ್ರಶ್ನೆ' ಎಂಬ ಪಾಳಿ ಗ್ರಂಥದಲ್ಲಿ ಯವನ ರಾಜ ಮಿಲಿಂದನು ಬೌದ್ಧ ಭಿಕ್ಷು ನಾಗಸೇನನನ್ನು ಕಾಣಲು ರಥದಲ್ಲಿ ಬರುತ್ತಾನೆ. ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಭಿಕ್ಷು ಕೇಳುತ್ತ ಹೋಗುತ್ತಾನೆ. ರಾಜ ಒಂದೊಂದಕ್ಕೂ ಅಲ್ಲ ಎನ್ನಬೇಕಾಗುತ್ತದೆ. ಹಾಗಾದರೆ ರಥವೆಲ್ಲಿ? ಭಾಗಗಳು ಕೂಡಿದಾಗ ನಾವು ಇಡುವ ಹೆಸರು ಅದು. ನಮ್ಮ ಲಾರಿಯ ಮಟ್ಟಿಗಂತೂ ಇದು ಅಕ್ಷರಶಃ ನಿಜ. ಎಂಜಿನ್ ಎರಡು ಸಲ ಬಿಚ್ಚಿಯಾಗಿದೆ, ಕ್ಯಾಬಿನ್ ಒಮ್ಮೆ ಹೊಸದಾಗಿದೆ, ಟಯರುಗಳ ಲೆಕ್ಕ ಇಟ್ಟವರಿಲ್ಲ. 2003ರ ಲಾರಿಯಲ್ಲಿ ಇಂದು ಉಳಿದಿರುವುದು ಷಾಸಿ ಮತ್ತು ನಂಬರ್ ಪ್ಲೇಟು.

ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಹೇಳುವ ರಥದ ಹೋಲಿಕೆ ಸದಸ್ಯರಲ್ಲಿ ಬಹಳ ಮಂದಿಗೆ ತಿಳಿದದ್ದೇ. ದೇಹ ರಥ, ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿ ಸಾರಥಿ. ಆತ್ಮವಾದರೋ ಒಳಗೆ ಕುಳಿತ ರಥಿಕ. ಗಮನಿಸಿ, ಆತ್ಮವನ್ನು ಅವರು ರಥಕ್ಕೆ ಕೊಡಲಿಲ್ಲ, ಕುಳಿತವನಿಗೆ ಕೊಟ್ಟರು.

ಹಾಗಾದರೆ ಕಾರಿನಲ್ಲಿ ನಾವು ಕಂಡದ್ದೇನು? 1944ರಲ್ಲಿ ಅಮೆರಿಕದ ಹೈಡರ್ ಮತ್ತು ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಎರಡು ತ್ರಿಕೋನ, ಒಂದು ಪುಟ್ಟ ವೃತ್ತ ಪರದೆಯ ಮೇಲೆ ಅತ್ತಿತ್ತ ಸರಿಯುವ ಚಿಕ್ಕ ಚಿತ್ರವನ್ನು ಜನರಿಗೆ ತೋರಿಸಿದರು. ನೋಡಿದವರಲ್ಲಿ ಬಹುತೇಕ ಎಲ್ಲರೂ ಒಬ್ಬ ಒರಟ ಇನ್ನೊಬ್ಬನನ್ನು ಅಟ್ಟಿಸಿಕೊಂಡು ಹೋದ, ಮತ್ತೊಬ್ಬ ಹೆದರಿ ಅಡಗಿದ ಎಂದೇ ವರ್ಣಿಸಿದರು. ಚಲಿಸುವುದಕ್ಕೆ ಮನಸ್ಸನ್ನು ಆರೋಪಿಸುವುದು ಮನುಷ್ಯನ ಸ್ವಭಾವ. ರೇಖೆಗಳಿಗೇ ಹೀಗಾದರೆ ನಮ್ಮ ಕೈಗೆ, ಕಾಲಿಗೆ ಮಾರುತ್ತರ ಕೊಡುವ ಗಾಡಿಗೆ ಆತ್ಮ ಕೊಡದಿರುತ್ತೇವೆಯೇ?

ಇದೆಲ್ಲ ಭ್ರಮೆ ಎಂದು ತಳ್ಳಿಹಾಕಲು ಮಾತ್ರ ನಾನು ಸಿದ್ಧನಿಲ್ಲ. ಕಾಫಿಯ ರುಚಿ ಬೀಜದಲ್ಲಿದೆಯೋ ನಾಲಗೆಯಲ್ಲಿದೆಯೋ? ಬೀಜ ಕೆಟ್ಟರೆ ರುಚಿಯಿಲ್ಲ, ಕುಡಿಯುವವನಿಲ್ಲದಿದ್ದರೂ ರುಚಿಯಿಲ್ಲ. ಅದು ಇಬ್ಬರ ನಡುವೆ ಹುಟ್ಟುವಂಥದು. ಹಾಗೆಂದು ರುಚಿ ಸುಳ್ಳೆಂದು ಹೇಳುವ ಬೆಳೆಗಾರನುಂಟೇ?

ಧ್ವನಿವರ್ಧಕದ ಆತ್ಮ

ಈ ಮಾತಿಗೆ ಇಂದು ಒಂದು ಕಠಿಣ ಪರೀಕ್ಷೆ ಬಂದಿದೆ. ಕಾರುಗಳು ಮೌನವಾಗುತ್ತಿವೆ. 2011ರ ಬಿಎಂಡಬ್ಲ್ಯು ಎಂ5 ಕಾರಿನಲ್ಲಿ ಎಂಜಿನ್ನಿನ ಸದ್ದು ಒಳಗೆ ಸಾಲದೆಂದು ಸ್ಪೀಕರುಗಳ ಮೂಲಕ ಅದನ್ನು ಸೇರಿಸಿದರು. 2023ರಲ್ಲಿ ಬಂದ ಹ್ಯುಂಡೈ ಅಯಾನಿಕ್ 5 ಎನ್ ಎಂಬ ವಿದ್ಯುತ್ ಕಾರಿನಲ್ಲಿ ಎಂಜಿನ್ನೂ ಇಲ್ಲ, ಗೇರೂ ಇಲ್ಲ. ಆದರೂ ಗೇರು ಬದಲಿಸಿದಂತೆ ಒಂದು ಜಗ್ಗು, ಎಂಜಿನ್ ಕೂಗಿದಂತೆ ಒಂದು ಕೂಗು, ಎರಡನ್ನೂ ಕಂಪ್ಯೂಟರು ಒದಗಿಸುತ್ತದೆ. ಓಡಿಸಿದವರಲ್ಲಿ ಅನೇಕರು ಮೆಚ್ಚಿಕೊಂಡೂ ಇದ್ದಾರೆ. ಇದು ಆತ್ಮವೋ, ನಾಟಕವೋ?

ಸದ್ದಿಲ್ಲದ್ದರಿಂದ ಆತ್ಮ ಹೋಯಿತೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಸೈಕಲ್ಲಿಗೆ ಎಂಜಿನ್ ಸದ್ದಿಲ್ಲ, ದೋಣಿಗೂ ಇಲ್ಲ. ಎರಡೂ ಸವಾರನೊಡನೆ ಚೆನ್ನಾಗಿಯೇ ಮಾತನಾಡುತ್ತವೆ. 2008ರ ಟೆಸ್ಲಾ ರೋಡ್‌ಸ್ಟರ್ ಕೂಡ ಲೋಟಸ್ ಕಂಪನಿಯ ಎಲೀಸ್ ಎಂಬ ಹಗುರ ಕಾರಿನ ಆಧಾರದ ಮೇಲೆಯೇ ಹುಟ್ಟಿತು. ನಿಜವಾದ ತೊಡಕಿರುವುದು ತೂಕದಲ್ಲಿ. ಬ್ಯಾಟರಿ ಹೊತ್ತ ಆ ಹ್ಯುಂಡೈ 2,200 ಕಿಲೋ ಆಸುಪಾಸು ತೂಗುತ್ತದೆ. ಒಂದೇ ವೇಗದಲ್ಲಿ ಒಂದೇ ತಿರುವು ದಾಟಲು ಅದರ ಟಯರುಗಳು ಹಳೆಯ ಎಂಎಕ್ಸ್-5ರ ಟಯರುಗಳಿಗಿಂತ ಎರಡು ಪಟ್ಟಿಗೂ ಮೀರಿದ ಬಲದಿಂದ ರಸ್ತೆಯನ್ನು ಹಿಡಿಯಬೇಕು. ಕಂಪ್ಯೂಟರು ಆ ಶ್ರಮವನ್ನು ನಮ್ಮಿಂದ ಮರೆಮಾಡುತ್ತದೆ.

ಇಲ್ಲಿ ನನಗೆ ಒಂದು ಅಳತೆಗೋಲು ಸಿಕ್ಕಂತಾಯಿತು. ಪಲ್ಪರ್ ಓಡುವಾಗ ಅದರ ಸದ್ದು ಕೇಳಿಯೇ ಬೀಜ ಒಡೆಯುತ್ತಿದೆಯೋ ಸರಿಯಾಗಿ ಸುಲಿಯುತ್ತಿದೆಯೋ ಎಂದು ನಮ್ಮ ಕೆಲಸಗಾರ ಹೇಳುತ್ತಾನೆ. ಆ ಸದ್ದು ನಿಜವಾದ ಸುದ್ದಿ. ಅದೇ ಸದ್ದನ್ನು ಟೇಪಿನಲ್ಲಿ ಹಾಕಿ ಕೇಳಿಸಿದರೆ ಕಿವಿಗೆ ಹಿತವಾದೀತು, ಬೀಜ ಉಳಿಯಲಾರದು. ಯಂತ್ರವು ತನಗೇನಾಗುತ್ತಿದೆ ಎಂಬುದನ್ನು ನಮಗೆ ಸತ್ಯವಾಗಿ ತಿಳಿಸಬೇಕು, ನಾವು ಅದಕ್ಕೆ ಗಮನ ಕೊಡಬೇಕು. ಈ ಕೊಡುಕೊಳ್ಳುವಿಕೆ ಇದ್ದಲ್ಲಿ ಜನ ಆತ್ಮವೆಂಬ ಶಬ್ದ ಬಳಸುತ್ತಾರೆ. ಶಬ್ದ ಶಾಸ್ತ್ರಸಮ್ಮತವಲ್ಲ, ಆದರೆ ಅನುಭವ ನಿಜ. ಇದೇ ನಿಜವಾದರೆ ಒಂದು ಮಾತನ್ನು ಒಪ್ಪಲೇಬೇಕು. ಗಮನ ಕೊಡುವ ಮನುಷ್ಯ ಇಳಿದುಹೋದ ಮೇಲೆ ಗ್ಯಾರೇಜಿನಲ್ಲಿ ಉಳಿಯುವುದು ಕಬ್ಬಿಣ.

ಡ್ರೈವರು ಹೇಳಿದ ಮಾತು

ಜಪಾನಿನಲ್ಲಿ ಫೆಬ್ರವರಿ 8ರಂದು 'ಹರಿ ಕುಯೋ' ಎಂಬ ಆಚರಣೆಯುಂಟು. ವರ್ಷವಿಡೀ ಹೊಲಿದು ಮುರಿದ ಸೂಜಿಗಳನ್ನು ದೇವಸ್ಥಾನಕ್ಕೆ ತಂದು ಮೆತ್ತನೆಯ ತೋಫು ಗಡ್ಡೆಯಲ್ಲಿ ಚುಚ್ಚಿ ವಂದಿಸುತ್ತಾರೆ. ಗಟ್ಟಿ ಬಟ್ಟೆಯಲ್ಲಿ ದುಡಿದ ಸೂಜಿಗೆ ಕೊನೆಗಾದರೂ ಮೆತ್ತನೆಯ ಹಾಸಿಗೆ. ನಮ್ಮ ಆಯುಧಪೂಜೆಯ ಅಕ್ಕ ಅದು. ಲಾರಿಗೂ ಇಂಥದೊಂದು ಬೀಳ್ಕೊಡುಗೆ ಆಗಲೆಂದು ಕೆಲವು ಸದಸ್ಯರು ಚಂದಾ ಎತ್ತಲು ಮುಂದಾದರು. ನನಗೂ ಸರಿಯೆನಿಸಿತು.

ಅದನ್ನು ಹೇಳಲು ಲಾರಿಯ ಡ್ರೈವರರನ್ನು ಕಚೇರಿಗೆ ಕರೆಸಿದೆ. ಇಪ್ಪತ್ತು ವರ್ಷಕ್ಕೂ ಮೀರಿ ಆ ಗಾಡಿಯನ್ನು ಒಬ್ಬರೇ ಓಡಿಸಿದವರು. ಘಾಟಿಯ ಯಾವ ತಿರುವಿನಲ್ಲಿ ಅದು ಮೂರನೇ ಗೇರು ಒಪ್ಪುವುದಿಲ್ಲವೆಂದು ಕಣ್ಣುಮುಚ್ಚಿ ಹೇಳಬಲ್ಲವರು. ಈ ವರ್ಷ ಅವರಿಗೂ ನಿವೃತ್ತಿ. "ನೀವೇ ಹೇಳಿ, ಅದಕ್ಕೆ ಜೀವ ಇದೆ ಅಂತೀರಾ?" ಎಂದು ಕೇಳಿದೆ. ಅವರು ನಕ್ಕು, "ಜೀವ ಇದ್ದಿದ್ರೆ ಇಷ್ಟು ಹೊತ್ತಿಗೆ ರಜೆ ಕೇಳ್ತಿತ್ತು ಸಾರ್" ಎಂದರು. ಸ್ವಲ್ಪ ಹೊತ್ತು ಬಿಟ್ಟು, ಸೊಂಟ ಹಿಡಿದುಕೊಂಡು ಕುರ್ಚಿಯಿಂದ ಎದ್ದರು.

ಅವರು ಹೋದ ಮೇಲೆ ನಾನು ಕಡತ ತೆಗೆದು ನೋಡಿದೆ. ಲಾರಿಯ ವಿಲೇವಾರಿಗೆ ಸಂಬಂಧಿಸಿ ನನ್ನ ಸಹಿಯ ಏಳು ಪತ್ರಗಳಿದ್ದವು. ಡ್ರೈವರರ ಗ್ರಾಚ್ಯುಟಿಯ ಲೆಕ್ಕದ ಹಾಳೆ ಒಂದೇ ಇತ್ತು, ಅದಕ್ಕೆ ಸಹಿ ಆಗಿರಲಿಲ್ಲ. ಕೊಯ್ಲಿನ ಕಾಲದಲ್ಲಿ ಅವರು ತೆಗೆದುಕೊಳ್ಳದೆ ಉಳಿದ ರಜೆಗಳ ಲೆಕ್ಕವನ್ನಂತೂ ಯಾರೂ ಹಾಕಿರಲೇ ಇಲ್ಲ. ತಪ್ಪು ಬೇರೆ ಯಾರದೂ ಅಲ್ಲ, ನನ್ನದು. ರಥದ ಆತ್ಮವನ್ನು ಚರ್ಚಿಸುತ್ತ ಸಾರಥಿಯನ್ನು ಮರೆತಿದ್ದೆ.

ಆ ಹಾಳೆಗೆ ಅಂದೇ ಸಹಿ ಮಾಡಿದ್ದೇನೆ. ರಜೆಯ ಲೆಕ್ಕ ಸಿದ್ಧವಾಗುತ್ತಿದೆ. ಮಹಾಸಭೆಯಲ್ಲಿ ಅದೇ ಮೊದಲ ವಿಷಯ, ಲಾರಿಯದು ಎರಡನೆಯದು. ಬೀಳ್ಕೊಡುಗೆಗೆಂದು ಕೂಡಿದ ಚಂದಾ ಹಣವನ್ನು ಯಾರಿಗೆ ಸಲ್ಲಿಸಬೇಕೆಂಬುದನ್ನೂ ಸಭೆಯೇ ತೀರ್ಮಾನಿಸಲಿ. ನನ್ನ ಅಭಿಪ್ರಾಯ ತಮಗೆ ಈಗಾಗಲೇ ತಿಳಿದಿರಬಹುದು. ಲಾರಿ ಗುಜರಿಗೆ ಹೋಗುವ ದಿನ ಒಂದು ತೆಂಗಿನಕಾಯಿ ಒಡೆಯೋಣ, ಅದಕ್ಕೆ ನನ್ನ ಅಡ್ಡಿಯಿಲ್ಲ. ಕಾಯಿ ಒಡೆಯುವ ಗೌರವ ಮಾತ್ರ ಡ್ರೈವರರದ್ದಾಗಲಿ.

ಅಳಿಯನಿಗೆ ಉತ್ತರ ಬರೆದು ಹಾಕಿದ್ದೇನೆ. ನಿನ್ನ ಕಾರಿಗೆ ಆತ್ಮವಿಲ್ಲ, ಆದರೆ ಅದನ್ನು ಮಾಡಿದವರು ಓಡಿಸುವವನಿಗೆ ಒಂದು ಆತ್ಮವಿದೆಯೆಂದು ನಂಬಿ ಮಾಡಿದ್ದಾರೆ ಎಂದು. ಅವನು ಒಪ್ಪಿದನೋ ಇಲ್ಲವೋ, ಇನ್ನೂ ತಿಳಿಸಿಲ್ಲ.

ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಬರೆದು ಕಳಿಸಬೇಕೆಂದೂ, ಮಹಾಸಭೆಗೆ ತಪ್ಪದೆ ಬರಬೇಕೆಂದೂ ಕೋರುತ್ತೇನೆ.

– ಕಾರ್ಯದರ್ಶಿ